ಭಾನುವಾರದ ಕಳ್ಳಿ

ನನ್ನ ಮನೆಯಲ್ಲಿ ಕಳ್ಳತನ ನಿಂತು ಐದು ವಾರವಾಯಿತು. ಅದಕ್ಕೇ ನನಗೆ ಬೇಜಾರು.

ತಮಾಷೆಯಲ್ಲ, ನಿಜ ಹೇಳುತ್ತಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಕಳ್ಳಿ ಬರುತ್ತಿದ್ದಳು. (ಕಳ್ಳಿ ಅಂದರೆ ಮುಳ್ಳಿನ ಗಿಡ ಅಂದುಕೊಳ್ಳಬೇಡಿ, ಹೆಂಗಸು. ಗಿಡದ ವಿಷಯ ಆಮೇಲೆ ಬರುತ್ತದೆ.) ಗೇಟು ಸದ್ದು ಮಾಡಿಕೊಂಡೇ ಬರುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನಾನು ಕೊಟ್ಟ ಕಾಫಿ ಕುಡಿದು, ಕದಿಯುವುದನ್ನು ಕದ್ದು, "ಬರ್ತೀನಿ ಟೀಚರಮ್ಮ" ಎಂದು ಹೇಳಿಯೇ ಹೋಗುತ್ತಿದ್ದಳು. ಇಂಥ ಮರ್ಯಾದಸ್ಥ ಕಳ್ಳಿಯನ್ನು ಕಳೆದುಕೊಂಡೆ. ತಪ್ಪು ಪೂರ್ತಿ ನನ್ನದು.

ಮೊದಲಿಂದ ಹೇಳುತ್ತೇನೆ, ಕೇಳಿ.

ನಾನಿರುವುದು ಕುಂಬಾರಕೊಪ್ಪಲಿನ ಅಂಚಿನಲ್ಲಿ, ಹಳೆಯ ಊರು ಮುಗಿದು ಹೊಸ ಸೈಟುಗಳು ಶುರುವಾಗುವ ಕಡೆ. ನಮ್ಮೆಜಮಾನರು ಇದ್ದಾಗ ಕಟ್ಟಿಸಿದ ಮನೆ. ಮಕ್ಕಳಾಗಲಿಲ್ಲ. ಅವರು ಹೋಗಿ ಎರಡು ವರ್ಷ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಅಂಕಣದ ಹಳೆಯ ಓದುಗರಿಗೆ ಇಷ್ಟು ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಶನಿವಾರ ಮಧ್ಯಾಹ್ನ ಸ್ಕೂಲಿನ ಗೇಟಿನಲ್ಲಿ "ಬರ್ತೀನ್ರೀ" ಅಂದ ಮೇಲೆ ಸೋಮವಾರ ಬೆಳಿಗ್ಗೆ ಹಾಜರಿ ಕೂಗುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಯಾರ ಹತ್ತಿರ ಆಡಲಿ? ಒಂದು ಸೋಮವಾರ ಮೊದಲನೆಯ ಹೆಸರು ಕೂಗಲು ಬಾಯಿ ತೆರೆದರೆ ಧ್ವನಿಯೇ ಬರಲಿಲ್ಲ. ಮಕ್ಕಳು ಕಿಸಕ್ಕೆಂದರು. ಶೀತ ಕಣ್ರೋ ಅಂದೆ.

ಮೊದಲು ದಸರೆಗೆ ಬೊಂಬೆ ನೋಡಲು ಬನ್ನಿ ಎಂದು ಆರೇಳು ಮನೆಯವರು ಕರೆಯುತ್ತಿದ್ದರು. ಈಗ ಕರೆಯುವುದಿಲ್ಲ. ಯಾಕೆ ಎಂದು ಬಿಡಿಸಿ ಹೇಳಬೇಕೆ? ಕುಂಕುಮ ಕೊಡುವುದೋ ಬಿಡುವುದೋ ಎಂಬ ಮುಜುಗರ ಅವರಿಗೆ. ಆ ಮುಜುಗರ ಅವರಿಗೆ ಆಗದಿರಲಿ ಎಂದು ನಾನೇ ಬಾಗಿಲು ಹಾಕಿಕೊಂಡೆ. ಹಾಕಿಕೊಂಡ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಟ್ಟಿದವರೆಲ್ಲ ಏನೋ ಬೇಕಾದವರೇ. ಮನೆ ಮಾರ್ತೀರಾ ಎನ್ನುವ ಬ್ರೋಕರು, ಕೇಬಲ್ಲಿನವನು, ಮೇಲಿನ ಪೋರ್ಷನ್ ಕಟ್ಟಿಸಿ ಬಾಡಿಗೆಗೆ ಕೊಡಿ ಎನ್ನುವ ಕಂಟ್ರ್ಯಾಕ್ಟರು. ಹೀಗಾಗಿ ಗೇಟು ಕಿರ್ ಅಂದರೆ ಸಾಕು, ಕಿಟಕಿಯಿಂದಲೇ "ಏನ್ ಬೇಕಿತ್ತು?" ಎಂದು ಕೂಗುವುದು ನನಗೆ ರೂಢಿಯಾಯಿತು.

ಇಂಥ ಮನೆಗೆ ಕಾಲಿಟ್ಟಳು ನಮ್ಮ ಚೈತ್ರ.

ಚೈತ್ರ ನನ್ನ ಅಕ್ಕನ ಮಗಳು. ಮನೆ ಕೃಷ್ಣಮೂರ್ತಿಪುರಂ. ಇಂಟೀರಿಯರ್ ಡಿಸೈನ್ ಓದುತ್ತಿದ್ದಾಳೆ. (ಮನೆ ಕಟ್ಟಿದ ಮೇಲೆ ಒಳಗೆ ಏನು ಎಲ್ಲಿಡಬೇಕು ಎಂದು ಕಲಿಯುವುದಕ್ಕೂ ಕಾಲೇಜು ಬಂದಿದೆ ನೋಡಿ. ನಮ್ಮ ಕಾಲದಲ್ಲಿ ಅದನ್ನು ಅತ್ತೆಯಂದಿರು ಪುಕ್ಕಟೆ ಕಲಿಸುತ್ತಿದ್ದರು.) ಹಾಲಿನ ನಡುವೆ ನಿಂತು ಸುತ್ತ ಒಮ್ಮೆ ನೋಡಿದವಳೇ, "ಚಿಕ್ಕಮ್ಮಾ, ಈ ಹಾಲ್ ನೋಡಿದ್ರೆ ನನಗೇ ಡಿಪ್ರೆಷನ್ ಬರುತ್ತೆ" ಎಂದಳು.

"ನೋಡ್ಬೇಡ ಹಾಗಾದ್ರೆ. ಅಡಿಗೆಮನೆಗೆ ಬಾ."

"ಇಲ್ಲ ಚಿಕ್ಕಮ್ಮ, ಸೀರಿಯಸ್ಸಾಗಿ. ನನ್ನ ಫೈನಲ್ ಪ್ರಾಜೆಕ್ಟ್ ಇದೇ. ಮನೆಯೊಳಗೆ ನೇಚರ್ ತರೋದು. ಗಿಡ, ಕಲ್ಲು, ನೀರು, ಬಿದಿರು, ಬೆಳಕು. ಅದರಿಂದ ಮನುಷ್ಯರ ಮನಸ್ಸು ಹೇಗೆ ಸರಿಹೋಗುತ್ತೆ ಅಂತ ತೋರಿಸ್ಬೇಕು. ನಿಮ್ಮ ಮನೇನೇ ಮಾಡ್ತೀನಿ, ಪ್ಲೀಸ್."

"ನನ್ನ ಮನಸ್ಸು ಸರಿಯಾಗೇ ಇದೆ" ಎಂದೆ.

"ಅದಕ್ಕೇ ಮಧ್ಯಾಹ್ನ ಎರಡು ಗಂಟೆಗೆ ಕರ್ಟನ್ ಎಳ್ಕೊಂಡು ಕೂತಿದ್ದೀರಾ?"

ಮಾಡ್ಕೋ ಹೋಗು ಎಂದೆ.

ಮಾಡಿದಳು. ದಪ್ಪ ಕರ್ಟನ್ ಹೋಗಿ ಬಿದಿರಿನ ಪರದೆ ಬಂತು. ಸೋಫಾ ಗೋಡೆ ಬಿಟ್ಟು ಕಿಟಕಿಯ ಬಳಿ ಬಂತು. ಸ್ಕೂಟಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯಂಚಿನ ನುಣ್ಣನೆ ಕಲ್ಲು ಒಂದು ಚೀಲ ಹೊತ್ತು ತಂದಳು. ಮೂಲೆಯಲ್ಲಿ ಕಲ್ಲು, ಕಲ್ಲಿನ ಮೇಲೆ ಮಣ್ಣಿನ ಬೋಗುಣಿ, ಬೋಗುಣಿಯಲ್ಲಿ ಕರೆಂಟಿನಿಂದ ನಡೆಯುವ ಪುಟ್ಟ ಕಾರಂಜಿ. ಕಿಟಕಿ ಪಕ್ಕದ ಕುಂಡದಲ್ಲಿ ಮನಿ ಪ್ಲಾಂಟು. ಅದನ್ನು ಅವಳು ಕಾಲೇಜಿನ ಆಫೀಸಿನಿಂದ ಕದ್ದು ತಂದಿದ್ದಳು.

ಹೌದು, ಕದ್ದು. ನಿಮಗೆ ಗೊತ್ತೇ ಇದೆಯಲ್ಲ. ಮನಿ ಪ್ಲಾಂಟನ್ನು ಕೇಳಿ ತರಬಾರದು, ಕೊಂಡು ತರಬಾರದು, ಕದ್ದೇ ತರಬೇಕು. ಕೇಳಿ ತಂದರೆ ಬೇರು ಬಿಟ್ಟು ಹತ್ತುವುದಿಲ್ಲ. ಕೊಟ್ಟರೆ, ಕೊಟ್ಟವರ ಮನೆ ಲಕ್ಷ್ಮಿಯೂ ಅದರ ಜೊತೆ ಹೊರಟುಹೋಗುತ್ತಾಳೆ. ಮೈಸೂರಿನ ಅರ್ಧ ಮನೆಗಳ ಮನಿ ಪ್ಲಾಂಟು ಕಳ್ಳಮಾಲೇ ಇರಬೇಕು. ಮನೆಯವರು ಕಂಡರೂ ಕಾಣದ ಹಾಗೆ ಮುಖ ತಿರುಗಿಸಬೇಕು, ಅದು ಇದರ ಸಂಪ್ರದಾಯ. ನಾನು ವಿಜ್ಞಾನದವಳು, ಇದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಸಂಪ್ರದಾಯವನ್ನು ಗೌರವಿಸಬೇಕಿತ್ತು ಎಂದು ಈಗ ಅನಿಸುತ್ತಿದೆ.

ಹೋಗುವಾಗ ಚೈತ್ರ ಒಂದು ಹೋಮ್‌ವರ್ಕ್ ಕೊಟ್ಟು ಹೋದಳು. ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಾಳಂತೆ. ನನ್ನ ಮನಸ್ಸು ಹೇಗಿದೆ ಎಂದು ಹತ್ತಕ್ಕೆ ಎಷ್ಟು ಅಂತ ನಾನು ಮಾರ್ಕ್ಸ್ ಕೊಡಬೇಕಂತೆ. ಅವಳು ಅದನ್ನು ಗ್ರಾಫ್ ಮಾಡುತ್ತಾಳಂತೆ. ಇಪ್ಪತ್ತಾರು ವರ್ಷ ಊರ ಮಕ್ಕಳಿಗೆಲ್ಲ ಮಾರ್ಕ್ಸ್ ಹಾಕಿದ್ದೇನೆ, ನನಗೇ ಹಾಕಿಕೊಂಡಿದ್ದು ಇದೇ ಮೊದಲು.

ಮೊದಲ ವಾರ, "ಎಷ್ಟು ಚಿಕ್ಕಮ್ಮ?"

"ನಾಲ್ಕು."

"ಬರೀ ನಾಲ್ಕಾ? ಕಾರಂಜಿ ಆನ್ ಮಾಡಿದ್ರಾ?"

ಆನ್ ಮಾಡಿದ್ದೆ. ಹಾಗಾಗಿಯೇ ನಾಲ್ಕು. ಸಂಜೆ ಪೇಪರು ತಿದ್ದುತ್ತಾ ಕೂತರೆ ಆ ಸೊರಸೊರ ಸದ್ದಿಗೆ ಎಲ್ಲೋ ನಲ್ಲಿ ಬಿಟ್ಟಿದ್ದೇನೆ ಅನಿಸಿ ಮೂರು ಸಲ ಎದ್ದು ಬಚ್ಚಲಿಗೆ ಹೋಗಿ ಬಂದೆ. ನಾಲ್ಕನೆಯ ಸಲ ಬೇರೆ ಕಾರಣಕ್ಕೇ ಹೋಗಬೇಕಾಯಿತು. (ಹರಿಯುವ ನೀರಿನ ಸದ್ದು ಐವತ್ತು ದಾಟಿದವರ ಮೇಲೆ ಏನು ಮಾಡುತ್ತದೆ ಎಂದು ಆ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲವೇನೋ.)

ಎರಡನೇ ವಾರವೂ ನಾಲ್ಕೇ. ಗಿಡ ಚೆನ್ನಾಗಿತ್ತು, ನೋಡಲು ಖುಷಿಯೂ ಆಗುತ್ತಿತ್ತು. ಆದರೆ ಹೊಸ ಎಲೆ ಬಿಟ್ಟಿದೆ ನೋಡಿ ಎಂದು ಯಾರಿಗೆ ಹೇಳಲಿ? ಗಿಡಕ್ಕೇ ಹೇಳಲಾ?

ಮೂರನೇ ಭಾನುವಾರ ಗೇಟು ಕಿರ್ ಎಂದಿತು.

"ಏನ್ ಬೇಕಿತ್ತು?"

ಅರವತ್ತರ ಆಸುಪಾಸಿನ ಹೆಂಗಸು. ಗಟ್ಟಿ ಮೈಕಟ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಐದಾರು ಮನೆ ಆಚೆ, ಹಳೆಯ ಕೊಪ್ಪಲಿನ ಮೊದಲ ಮನೆಯವರು ಎಂದು ಮುಖ ನೋಡಿ ಗೊತ್ತು, ಮಾತಿಲ್ಲ. ನನ್ನ ಪ್ರಶ್ನೆಗೆ ಅವರು ಒಂದು ಕ್ಷಣ ತಡವರಿಸಿದರು. ಆಮೇಲೆ, "ಏನಿಲ್ಲ ಕಣವ್ವ, ಒಸಿ ನೀರು ಕೊಡ್ತೀರಾ? ಬಿಸ್ಲು" ಎಂದರು.

ಅವರ ಮನೆಗೆ ಇಲ್ಲಿಂದ ಎರಡು ನಿಮಿಷದ ದಾರಿ. ಬಿಸಿಲೂ ಅಂಥದ್ದೇನಿರಲಿಲ್ಲ. ಸರಿ, ನೀರು ತರಲು ಒಳಗೆ ಹೋದೆ. ಚೊಂಬು ಹಿಡಿದು ಬರುವಾಗ ಕಿಟಕಿಯಿಂದ ಕಂಡಿತು. ಗ್ರಿಲ್ಲಿನಿಂದ ಹೊರಗೆ ಇಣುಕಿದ್ದ ಬಳ್ಳಿಯಿಂದ ಒಂದು ಎಲೆ ಚಿವುಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು! ಆ ಕಡೆ ಈ ಕಡೆ ನೋಡಿ, ಏನೂ ಆಗದವರ ಹಾಗೆ ನಿಂತರು. ನನಗೆ ನಗು ತಡೆಯಲಾಗಲಿಲ್ಲ. ಚೊಂಬಿನ ನೀರು ಅಲ್ಲಾಡಿ ಸೀರೆ ಮೇಲೆ ಚೆಲ್ಲಿತು. ನಾನು ನಗದೆ ಎಷ್ಟು ದಿನವಾಗಿತ್ತೋ.

ಮುಂದಿನ ಭಾನುವಾರ ಮತ್ತೆ ಬಂದರು. "ಏನ್ ಬೇಕಿತ್ತು?" ಅಂದೆ. "ನಿಮ್ಗೂ ಕರೆಂಟ್ ಓಗೈತಾ ಅಂತ ಕೇಳಾನ ಅಂತ ಬಂದೆ" ಎಂದರು. ಒಳಗೆ ಕಾರಂಜಿ ಸೊರಸೊರ ಸುರಿಯುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡೆವು. ಇಬ್ಬರೂ ಏನೂ ಹೇಳಲಿಲ್ಲ. "ಬನ್ನಿ, ಕಾಫಿ ಕುಡೀರಿ" ಎಂದೆ.

ಹೆಸರು ನಿಂಗಮ್ಮ. (ಆರಂಭದಲ್ಲಿ ಬರುತ್ತಿದ್ದಳು ಎಂದಿದ್ದೆ. ಹೆಸರು ಹೇಳಿದ ಮೇಲೆ ಆ ಏಕವಚನ ಸಲ್ಲದು, ಗಮನಿಸಿ.) ಮೊದಲ ದಿನ ನೆಲದ ಮೇಲೇ ಕೂತರು. ಸೋಫಾ ಮೇಲೆ ಕೂಡಿಸಲು ನನಗೆ ಮೂರು ಭಾನುವಾರ ಹಿಡಿಯಿತು. ಕೂತವರು ಹಾಲಿನ ಸುತ್ತ ಕಣ್ಣಾಡಿಸಿದರು. ಚೈತ್ರಳ ಮೇಷ್ಟರುಗಳು ಏನು ಹೇಳುತ್ತಾರೋ ಗೊತ್ತಿಲ್ಲ, ನಿಂಗಮ್ಮನವರ ವಿಮರ್ಶೆಯಂತೂ ಸ್ಥಳದಲ್ಲೇ ಸಿಕ್ಕಿತು.

"ಇದೇನವ್ವ, ಕಲ್ಲು ಒಳೀಕೆ ತಂದು ಮಡಗಿದ್ದೀರಿ? ನಾವು ಹೊಲದಲ್ಲಿ ಕಲ್ಲು ಆಯ್ದು ಆಯ್ದು ಈಚ್ಗೆ ಹಾಕಿ ಸೊಂಟ ಬಿದ್ದೋಯ್ತು."

"ಅದು ಡಿಸೈನು. ನೋಡಿದ್ರೆ ಮನಸ್ಸಿಗೆ ತಂಪಂತೆ."

"ಅಂಗಾ? ಗೊತ್ತಿದ್ರೆ ಬಿಸಾಕ್ತಾನೇ ಇರ್ನಿಲ್ಲ ಬುಡಿ. ನಮ್ ಹೊಲದ ಕಲ್ಲು ಮಡಗಿದ್ರೆ ಅರಮನೆ ತಂಪಾಗೋದು."

ಇನ್ನೊಂದು ಭಾನುವಾರ, ಮಾತಿನ ನಡುವೆ, ನೆಲ ನೋಡುತ್ತಾ ಹೇಳಿದರು. "ನೀವ್ ಕುಂತಿದ್ದೀರಲ್ಲ, ಅಲ್ಲಿ ನಮ್ ಹುರುಳಿ ಹೊಲ ಇತ್ತು. ಲೇಔಟ್ ಆಗಾಕ್ ಮುಂಚೆ. ನಿಮ್ ಅಡಿಗೆಮನೆ ಐತಲ್ಲ, ಅಲ್ಲೊಂದು ಹೊಂಗೆ ಮರ. ನಮ್ಮೋರು ಉಂಡು ಅದರ ಅಡೀಲೆ ಮಲಗೋರು."

ನಾನು ಕಾಲ ಕೆಳಗಿನ ಟೈಲ್ಸ್ ನೋಡಿದೆ. ಹೊಂಗೆ ಮರ ಕಡಿದ ಜಾಗದಲ್ಲಿ ಮನೆ ಕಟ್ಟಿ, ಹುರುಳಿ ಹೊಲದ ಮೇಲೆ ಟೈಲ್ಸ್ ಹಾಕಿ, ಆಮೇಲೆ ನೇಚರ್ ಬೇಕು ಎಂದು ಕುಂಡದಲ್ಲಿ ಒಂದು ಬಳ್ಳಿ ತಂದಿಟ್ಟಿದ್ದೇವೆ. ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಇಲ್ಲಿ ಬಸ್‌ಸ್ಟಾಪ್ ಇತ್ತು ಅನ್ನುವ ಹಾಗೆ ಹೇಳಿದರು.

ಪ್ರತಿ ಸಲವೂ ಕಾಫಿ ಮಾಡಲು ನಾನು ಒಳಗೆ ಹೋಗಬೇಕಲ್ಲ. ಆಗ ನಡೆಯುತ್ತಿತ್ತು ಕಳ್ಳತನ. ಆಫ್ ಮಾಡಿದ ಟಿವಿಯ ಗಾಜಿನಲ್ಲಿ ಅಡಿಗೆಮನೆಗೆ ಎಲ್ಲ ಕಾಣುತ್ತಿತ್ತು. ಮೆಲ್ಲಗೆ ಎದ್ದು, ಬಳ್ಳಿಯಿಂದ ಒಂದೇ ಒಂದು ಎಲೆ ಚಿವುಟಿ, ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಬಂದು ಕೂರುವುದು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಲೋಟ ತೊಳೆದದ್ದನ್ನೇ ತೊಳೆಯುತ್ತಿದ್ದೆ. ಬರುವ ಮುಂಚೆ ಚಮಚ ಸದ್ದು ಮಾಡಿ ಸೂಚನೆ ಕೊಡುತ್ತಿದ್ದೆ. ಕಳ್ಳಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಮನೆಯೊಡತಿ ಇನ್ನೊಬ್ಬಳು ಇದ್ದರೆ ಹೇಳಿ.

ನಾನು ಶನಿವಾರದಿಂದಲೇ ಕಾಯತೊಡಗಿದೆ. ಸ್ಕೂಲಿನಿಂದ ಬರುವಾಗ ಕೋಡುಬಳೆ ತರುತ್ತಿದ್ದೆ. ಒಬ್ಬಳಿಗೇ ಎಂದು ಬಿಟ್ಟೇಬಿಟ್ಟಿದ್ದ ಅಡಿಗೆಗಳೆಲ್ಲ ಒಂದೊಂದಾಗಿ ನೆನಪಾದವು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಲೆ ಬಾಚಿ ಒಳ್ಳೆ ಸೀರೆ ಉಟ್ಟು ಕೂತಿರುತ್ತಿದ್ದೆ. ಯಾರಿಗೆ? ಎಲೆ ಕದಿಯಲು ಬರುವವರಿಗೆ!

ಇತ್ತ ಚೈತ್ರಳ ಗ್ರಾಫು ಏರಿತು. ಐದು. ಆರು. ಏಳೂವರೆ.

"ನೋಡಿದ್ರಾ ಚಿಕ್ಕಮ್ಮ? ನೇಚರ್ ಅಂದ್ರೆ ಏನು ಅಂದ್ಕೊಂಡ್ರಿ!" ಎಂದು ಫೋನಿನಲ್ಲಿ ಕುಣಿದಾಡಿದಳು. ನಿಂಗಮ್ಮನವರ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದರೆ ಪ್ರಾಜೆಕ್ಟ್ ಕೆಡುತ್ತದಲ್ಲ ಅಂತಲೋ, ಕಳ್ಳತನ ಹೊರಗೆ ಬಂದರೆ ನಿಂತುಹೋಗುತ್ತದೆ ಅಂತಲೋ, ಗೊತ್ತಿಲ್ಲ.

ನಿಂಗಮ್ಮ ಆ ಬಳ್ಳಿಯನ್ನು "ಮನೆ ಪ್ಲಾಂಟು" ಅನ್ನುತ್ತಿದ್ದರು. ಮನೆಯೊಳಗೆ ಬೆಳೆಯುವುದರಿಂದ ಮನೆ ಪ್ಲಾಂಟು ಎಂದೇ ಅವರ ತಿಳಿವಳಿಕೆ. ತಿದ್ದಲು ನನ್ನ ನಾಲಿಗೆ ತುರಿಸಿತು. ಹೇಗೋ ತಡೆದುಕೊಂಡೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಟೀಚರ್ ಗುಣವೂ ಅಷ್ಟೇ.

ಏಳೆಂಟು ವಾರ ಕಳೆಯಿತು. ಏಳೆಂಟು ಎಲೆ ಹೋಯಿತು. ನನ್ನೊಳಗಿನ ವಿಜ್ಞಾನದ ಟೀಚರ್ ಒದ್ದಾಡತೊಡಗಿದಳು. ಯಾಕೆಂದರೆ ನಿಂಗಮ್ಮ ಕಿತ್ತುಕೊಳ್ಳುತ್ತಿದ್ದುದು ಬರೀ ಎಲೆ. ಬಳ್ಳಿ ಚಿಗುರುವುದು ಎಲೆಯಿಂದಲ್ಲ, ಗೆಣ್ಣಿನಿಂದ. ಗೆಣ್ಣಿಲ್ಲದ ಎಲೆಯನ್ನು ನೀರಲ್ಲಿಡಿ, ಮಣ್ಣಲ್ಲಿಡಿ, ಕೊನೆಗೆ ಕೊಳೆಯುತ್ತದೆಯೇ ಹೊರತು ಬಳ್ಳಿಯಾಗುವುದಿಲ್ಲ. ಪಾಪ, ವಾರವಾರ ಕದ್ದು ವಾರವಾರ ಸೋಲುತ್ತಿದ್ದಾರೆ! ಎಂಟನೆಯ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವುದನ್ನು ಈಕೆಗೆ ಯಾರೂ ಹೇಳಿಲ್ಲವಲ್ಲ ಎಂದು ಮರುಗಿದೆ. ಒಳ್ಳೆಯದು ಮಾಡಬೇಕು ಎಂಬ ಚಪಲಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ, ನೋಡಿ.

ಮೂರು ಗೆಣ್ಣಿನ ಒಳ್ಳೆ ತುಂಡು ಕತ್ತರಿಸಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ಹಾಕಿ ಇಟ್ಟೆ. ಎರಡು ವಾರದಲ್ಲಿ ಬಿಳಿ ಬೇರು ಇಷ್ಟುದ್ದ ಬಂತು. ಆ ಭಾನುವಾರ ನಿಂಗಮ್ಮ ಬಂದು ಕೂತ ಕೂಡಲೇ ಕಾಫಿಗೆ ಮೊದಲೇ ಬಾಟಲಿ ತಂದು ಅವರ ಕೈಗಿಟ್ಟೆ.

"ತಗೊಳ್ಳಿ ನಿಂಗಮ್ಮನವರೇ. ಬರೀ ಎಲೆ ಕಿತ್ರೆ ಬರಲ್ಲ. ಗೆಣ್ಣು ಇರಬೇಕು. ಇಲ್ಲಿ ನೋಡಿ, ಇದು ಗೆಣ್ಣು. ಇಲ್ಲಿಂದಲೇ ಬೇರು, ಇಲ್ಲಿಂದಲೇ ಚಿಗುರು. ಇನ್ಮೇಲೆ ಕದಿಯೋ ಕಷ್ಟ ಇಲ್ಲ" ಎಂದು ಹೇಳಿ, ನಾನೇ ನಕ್ಕೆ.

ಅವರು ನಗಲಿಲ್ಲ. ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಸಪ್ಪಗಾಯಿತು.

"ಕೊಟ್ಬುಟ್ರಾ" ಎಂದರು. ಅಷ್ಟೇ.

ಕಾಫಿ ಬೇಡ, ಹೊತ್ತಾಯ್ತು, ಸೊಸೆ ಕಾಯ್ತಾಳೆ ಎಂದು ಎದ್ದರು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಗೇಟು ಹಾಕಿದ ಸದ್ದೂ ಕೇಳಲಿಲ್ಲ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ತಟ್ಟೆಯಲ್ಲಿ ಕೋಡುಬಳೆ ಮೆತ್ತಗಾದವು. ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡೆ. ದೊಡ್ಡ ಹೆಂಗಸನ್ನು ಮುಖಕ್ಕೆ ಮುಖ ಕೊಟ್ಟು ಕಳ್ಳಿ ಅಂದುಬಿಟ್ಟಿದ್ದೆ. ಅದೂ ಕ್ಲಾಸಿನಲ್ಲಿ ಹುಡುಗರನ್ನು ಎದ್ದು ನಿಲ್ಲಿಸಿದ ಹಾಗೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

"ಎಷ್ಟು ಚಿಕ್ಕಮ್ಮ?"

"ಮೂರು."

"ಮೂರಾ?! ಬಳ್ಳಿಗೇನಾಯ್ತು?"

"ಬಳ್ಳಿಗೇನೂ ಆಗಿಲ್ಲ. ಎಲೆ ಕೀಳೋರಿಲ್ಲ. ಹುಲುಸಾಗಿ ಬೆಳೀತಾ ಇದೆ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಗೊಬ್ಬರ ಹಾಕಿ ಎಂದಳು.

ನಾಲ್ಕನೆಯ ಭಾನುವಾರವೂ ಹನ್ನೊಂದು ಹೊಡೆದು ಹನ್ನೆರಡಾಯಿತು. ಇನ್ನು ತಡೆಯಲಾಗಲಿಲ್ಲ. ನಾನೇ ಹೊರಟೆ. ಕ್ಷಮಿಸಿ ಅನ್ನಬೇಕು, ಅಷ್ಟೇ. ಐದಾರು ಮನೆ ದಾಟುವ ದಾರಿಯಲ್ಲಿ ಕಾಲು ತಡೆಯಿತು. ಇಷ್ಟು ವರ್ಷದಲ್ಲಿ ಅವರ ಮನೆಗೆ ಒಮ್ಮೆಯೂ ಹೋದವಳಲ್ಲ. ಈಗ ಏನೆಂದು ಹೋಗಲಿ?

ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ ಜೋರಾಗಿ ಕಿರುಚುತ್ತಿತ್ತು. ಮಗ, ಸೊಸೆ, ಮೊಮ್ಮಕ್ಕಳು, ಇನ್ಯಾರೋ ನೆಂಟರು, ಎಲ್ಲರ ಮುಖವೂ ಅತ್ತ. ಒಬ್ಬರೂ ಒಬ್ಬರ ಜೊತೆ ಮಾತಾಡುತ್ತಿರಲಿಲ್ಲ. ಸೊಸೆ ಅರ್ಧ ತಿರುಗಿ ನನ್ನನ್ನು ನೋಡಿ ಕೇಳಿದಳು.

"ಏನ್ ಬೇಕಿತ್ತು?"

ಕೆಟ್ಟದಾಗೇನೂ ಕೇಳಲಿಲ್ಲ ಆ ಹುಡುಗಿ. ಆದರೂ ನಾನು ಬಾಗಿಲಲ್ಲೇ ನಿಂತೆ. ನನ್ನ ಮಾತೇ, ನನ್ನ ರಾಗವೇ. ಗೇಟಿನ ಈಚೆ ನಿಂತು ಕೇಳುವುದಕ್ಕೂ ಆಚೆ ನಿಂತು ಕೇಳಿಸಿಕೊಳ್ಳುವುದಕ್ಕೂ ಇಷ್ಟು ವ್ಯತ್ಯಾಸವಿದೆ ಎಂದು ಗೊತ್ತಿರಲಿಲ್ಲ. ನಿಂಗಮ್ಮನವರನ್ನು ನೋಡಬೇಕಿತ್ತು ಎನ್ನಲು ಬಾಯಿ ಬರಲಿಲ್ಲ. "ತೆಂಗಿನಕಾಯಿ ಕೀಳೋರು ಯಾರಾದ್ರೂ ಗೊತ್ತಾ ಅಂತ ನಿಂಗಮ್ಮನವರನ್ನ ಕೇಳಬೇಕಿತ್ತು" ಎಂದೆ.

"ಹಿಂದ್ಗಡೆ ಅವ್ರೆ" ಎಂದು ಟಿವಿ ಕಡೆ ತಿರುಗಿದಳು.

ಹಿತ್ತಲ ಜಗುಲಿಯಲ್ಲಿ ನಿಂಗಮ್ಮ ಒಬ್ಬರೇ ಕೂತಿದ್ದರು. ಮುಂದೆ ಮೊರವಿಲ್ಲ, ಸೊಪ್ಪಿಲ್ಲ, ಕೈಯಲ್ಲಿ ಏನೂ ಕೆಲಸವಿಲ್ಲ. ಸುಮ್ಮನೆ ಎದುರಿನ ಕಾಂಪೌಂಡು ನೋಡುತ್ತಾ ಕೂತಿದ್ದರು. ಆ ಕೂರುವ ರೀತಿ ನನಗೆ ಚೆನ್ನಾಗಿ ಗೊತ್ತು. ಏಳು ಜನರ ಮನೆಯಲ್ಲಿದ್ದೂ ಹಾಗೆ ಕೂರಬಹುದು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಪಕ್ಕದಲ್ಲಿ ನನ್ನ ಹಾರ್ಲಿಕ್ಸ್ ಬಾಟಲಿ. ಬಳ್ಳಿ ಎರಡು ಹೊಸ ಎಲೆ ಬಿಟ್ಟು ಕಿಟಕಿಯ ಸರಳು ಹಿಡಿದಿತ್ತು.

"ಹತ್ಬುಡ್ತು ನೋಡಿ ಟೀಚರಮ್ಮ" ಎಂದರು. ಹಸು ಸತ್ತುಹೋಯಿತು ಅನ್ನುವ ಧ್ವನಿಯಲ್ಲಿ.

ನಾನು ಜಗುಲಿ ಮೇಲೆ ಕೂತು ಬಡಬಡ ಹೇಳಿದೆ. "ತಪ್ಪು ತಿಳ್ಕೋಬೇಡಿ ನಿಂಗಮ್ಮನವರೇ. ಅವತ್ತು ನಾನು ಕದಿಯೋದು ಅಂತ ತಮಾಷೆಗೆ ಅಂದೆ. ನಿಮಗೆ ಗೆಣ್ಣಿನ ವಿಷಯ ಗೊತ್ತಿಲ್ವಲ್ಲ, ಪಾಪ, ಸುಮ್ಮನೆ ಎಲೆ ಹಾಳಾಗುತ್ತೆ ಅಂತ..."

ಅವರು ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಕ್ಕರು. ಮೈ ಕುಲುಕಿಸಿಕೊಂಡು ನಕ್ಕರು.

"ನಂಗೆ ಗೆಣ್ಣು ಗೊತ್ತಿಲ್ವಾ? ಅಯ್ಯೋ ಟೀಚರಮ್ಮ! ನಮ್ಮಪ್ಪನ ಮನೆ ಪಾಂಡವಪುರದ ತಾವ. ಬುದ್ಧಿ ಬಂದಾಗಿಂದ ಕಬ್ಬು ನೆಟ್ಟೋಳು ಕಣ್ರವ್ವ ನಾನು. ಗೆಣ್ಣು ನೋಡಿ, ಗೆಣ್ಣಲ್ಲಿ ಕಣ್ಣು ನೋಡಿ ತುಂಡು ಮಾಡಿ ನೆಡೋದು. ಕಣ್ಣು ಮುಚ್ಕೊಂಡು ಕೈಲಿ ಸವರಿದ್ರೆ ಗೊತ್ತಾಯ್ತದೆ."

"ಮತ್ತೆ? ಬರೀ ಎಲೆ ಯಾಕೆ ಕೀಳ್ತಿದ್ರಿ?"

"ಹತ್ಬಾರ್ದು ಅಂತಲೇಯ."

ಅವರೇ ಮುಂದುವರಿಸಿದರು. "ಮೊದಲ್ನೆ ದಿನ ಬಂದ್ನಲ್ಲ, ಅವತ್ತು ನಂಗೇನೂ ಬೇಕಿರ್ನಿಲ್ಲ. ಮನೇಲಿ ಎಲ್ರೂ ಆ ಟೀವಿ ಮುಂದೆ. ನೀವೂ ಒಬ್ರೇ ಇರ್ತೀರಲ್ಲ, ಒಸಿ ಒತ್ತು ಮಾತಾಡ್ಕಂಡ್ ಬರಾನ ಅಂತ ಬಂದೆ. ಗೇಟ್ ತಾವ್ಲೇ ಏನ್ ಬೇಕಿತ್ತು ಅಂದ್ರಿ. ಏನ್ ಹೇಳಾನ? ನೀರು ಅಂದ್ಬುಟ್ಟೆ. ಬರೀ ನೀರಿಗೆ ಬಂದೋಳು ಅಂದ್ರೆ ಚೆನ್ನಾಗಿರಾಕಿಲ್ಲ ಅಂತ ನಿಮ್ ಕಣ್ಣಿಗೆ ಕಾಣಂಗೆ ಒಂದೆಲೆ ಕಿತ್ತೆ. ಮನೆ ಪ್ಲಾಂಟು ಕದಿಯಾಕೆ ಬರ್ತಳೆ ಅಂದ್ಕಳಿ, ಬಂದ್ರೆ ಏನೂ ಅಂದ್ಕಳಾಕಿಲ್ಲ ಅಂತ. ಗೆಣ್ಣು ಇರೋದು ಕಿತ್ರೆ ಹತ್ಕತದೆ. ಹತ್ಕಂಡ್ರೆ ಮುಂದಿನ್ ವಾರ ಯಾವ ನೆಪ ಹೇಳ್ಕಂಡು ಬರ್ಲಿ?"

ಬಾಟಲಿ ಕಡೆ ಕೈ ತೋರಿಸಿದರು. "ನೀವು ಬೇರು ಬರ್ಸಿ ಕೊಟ್ಬುಟ್ರಿ."

ಎಂಥ ಪೆದ್ದಿ ನಾನು! ಟಿವಿ ಗಾಜಿನಲ್ಲಿ ನಾನು ಅವರನ್ನು ನೋಡುತ್ತಿದ್ದೇನೆ ಎಂದು ಬೀಗಿದ್ದೆ. ನಾನು ನೋಡುತ್ತೇನೆ ಎಂದು ಗೊತ್ತಿದ್ದೇ ಅವರು ಕದ್ದಿದ್ದರು. ಒಂಬತ್ತು ಹತ್ತು ವಾರ ಒಬ್ಬರಿಗೊಬ್ಬರು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆವು. ಪಾಠ ಹೇಳಲು ಹೋಗಿ ನಾನೇ ಅದನ್ನು ಹಾಕಿಬಿಟ್ಟೆ. ಕಣ್ಣು ತುಂಬಿ ಬಂತು. ಸೆರಗು ಹುಡುಕಿದೆ.

"ನಿಂಗಮ್ಮನವರೇ, ನೆಪ ಯಾಕೆ ಬೇಕು? ಸುಮ್ಮನೆ ಬನ್ನಿ. ನನ್ನನ್ನ ನೋಡೋಕೆ ಬನ್ನಿ" ಎಂದೆ.

"ಸುಮ್ಕೆ ಬರಾಕೆ ಆಯ್ತದಾ ಟೀಚರಮ್ಮ?" ಎಂದರು. "ನೀವು ಈಗ ಸುಮ್ಕೆ ಬಂದ್ರಾ?"

"ಹ್ಞೂಂ ಮತ್ತೆ."

"ಇಲ್ಲಿಗಂಟ ಕೇಳುಸ್ತು. ಕಾಯಿ ಕೀಳೋರು ಬೇಕು ಅಂತ ತಾನೆ ನನ್ ಸೊಸೆ ತಾವ ಅಂದಿದ್ದು? ನಿಮ್ಮನೇಲಿ ತೆಂಗಿನ ಮರ ಎಲ್ಲೈತೆ?"

ಇಲ್ಲ. ನನ್ನ ಮನೆಯಲ್ಲಿ ತೆಂಗಿನ ಮರ ಇಲ್ಲ. ಮೊಣಕಾಲುದ್ದದ ಗಿಡವೂ ಇಲ್ಲ. ಇಬ್ಬರೂ ನಕ್ಕೆವು. ಒಳಗೆ ಟಿವಿಯಲ್ಲಿ ಯಾರೋ ಅಳುತ್ತಿದ್ದರು.

ಅಂದು ಸಂಜೆ ಚೈತ್ರ ಫೋನ್ ಮಾಡಿದಳು. ಪ್ರಾಜೆಕ್ಟಿಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದಿದೆಯಂತೆ. ಕೊನೆಯ ಕೆಲವು ವಾರದ ಇಳಿತವನ್ನು ಅವಳು ಸೇರಿಸಲಿಲ್ಲವಂತೆ. ಒಳಾಂಗಣದ ಗಿಡಗಳಿಂದ ಒಂಟಿಯಾಗಿರುವವರ ಮನಸ್ಸು ಅರಳುತ್ತದೆ ಎಂದು ಗ್ರಾಫ್ ಸಮೇತ ಬರೆದಿದ್ದಾಳಂತೆ. ಕೇಳಿಸಿಕೊಂಡೆ. ಭೇಷ್ ಎಂದೆ. ತಿದ್ದಲಿಲ್ಲ. ಒಮ್ಮೆ ತಿದ್ದಿ ಕೆಟ್ಟವಳು ನಾನು.

ಅವಳು ತಂದ ಗಿಡಕ್ಕೂ ಕಲ್ಲಿಗೂ ನನ್ನ ದೂರಿಲ್ಲ, ತಪ್ಪು ತಿಳಿಯಬೇಡಿ. ಹಸಿರು ಕಣ್ಣಿಗೆ ತಂಪು, ನಿಜ. ಬೆಳಕು ಬಂದು ಮನೆ ಮನೆಯ ಹಾಗಿದೆ, ಅದೂ ನಿಜ. ಆದರೆ ನನ್ನ ಗ್ರಾಫು ಏರಿದ್ದು ಬಳ್ಳಿ ಬೆಳೆದಾಗಲ್ಲ, ಬಳ್ಳಿಯ ಎಲೆ ಕಮ್ಮಿಯಾದಾಗ. ಇದನ್ನು ಯಾವ ಕಾಲೇಜಿನ ಪ್ರಾಜೆಕ್ಟಿನಲ್ಲಿ ಬರೆಯುವುದು?

ಇಂದು ಮತ್ತೆ ಭಾನುವಾರ. ಹನ್ನೊಂದು ದಾಟಿದೆ. ನಿಂಗಮ್ಮ ಬಂದಿಲ್ಲ. ಅವರಿಗೆ ಹೊಸ ನೆಪ ಸಿಕ್ಕಿರಲಿಕ್ಕಿಲ್ಲ. ನಾನೇ ಹೋಗೋಣವೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲ ಬಿಟ್ಟೆ. ಸೊಸೆ ಮತ್ತೆ ಕೇಳುತ್ತಾಳೆ. ಏನೆಂದು ಹೇಳಲಿ ಎಂದು ಅರ್ಧ ಗಂಟೆಯಿಂದ ಯೋಚಿಸುತ್ತಿದ್ದೇನೆ, ಮಾಡದ ಹಪ್ಪಳ, ಇಲ್ಲದ ಇಲಿ, ಕೆಡದ ನಲ್ಲಿ. ಇಷ್ಟು ಸುಳ್ಳು ಸಲೀಸಾಗಿ ಹೊಳೆಯುತ್ತದೆ.

ಏನೂ ಬೇಡಮ್ಮ, ನಿಮ್ಮತ್ತೆಯನ್ನು ನೋಡಬೇಕಿತ್ತು ಎನ್ನುವ ನಿಜ ಹೇಳುವುದಕ್ಕೆ ಮಾತ್ರ ಯಾಕೆ ಇಷ್ಟು ನಾಚಿಕೆ?